ಬಾಯಿಲ್ಲದವನ ಸೀರೆ ಅಂಗಡಿ

ಚಳ್ಳಕೆರೆಯ ಬಜಾರಿನಲ್ಲಿ ನಮ್ಮ ಸೀರೆ ಅಂಗಡಿಯ ಪೂಜೆಯಾದ ದಿನ ಅಲ್ಲಿ ಯಾರ್ಯಾರು ಇದ್ದರು ಎಂದು ಕೇಳಿದರೆ ಇವತ್ತಿಗೂ ತಡವರಿಸದೆ ಹೇಳಬಲ್ಲೆ. ಶೇಂಗಾ ಮಂಡಿ ನಡೆಸುತ್ತಿದ್ದ ಅಪ್ಪ ಇದ್ದರು. ಅವರ ಹಿಂದೆ ಮಾರ್ಕೆಟ್ ಯಾರ್ಡಿನ ಅರ್ಧದಷ್ಟು ವ್ಯಾಪಾರಿಗಳು ಇದ್ದರು. ಅವ್ವ ಒಂದು ಮೂಲೆಯಲ್ಲಿ ಕೂತು ಎಲೆ, ಅಡಿಕೆ, ಬಾಳೆಹಣ್ಣು ಜೋಡಿಸುತ್ತಿದ್ದಳು. ನನ್ನ ಹೆಂಡತಿ ಸರ್ವಮಂಗಳ ಬಂದವರಿಗೆಲ್ಲ ಪಾನಕ ಕೊಡುತ್ತ, ನಡುನಡುವೆ ಸೀರೆಗಳ ಅಂಚು ತಿರುಗಿಸಿ ಸರಿಮಾಡುತ್ತ ಓಡಾಡುತ್ತಿದ್ದಳು. ಎದುರಿನ ಪಾತ್ರೆ ಅಂಗಡಿಯ ಗಫೂರ್ ಸಾಬರು ಹೂವಿನ ಹಾರ ಹಿಡಿದು ನಿಂತಿದ್ದರು. ಎಲ್ಲರೂ ಇದ್ದರು. ಇಲ್ಲದವನು ಒಬ್ಬನೇ, ಅಂಗಡಿಯ ಮಾಲೀಕ. ಆತ ಹೊಸ ಬೀರುವಿನ ಹಿಂದೆ ನಿಂತುಕೊಂಡು ಅದರ ಬೀಗ ಸರಿಯಾಗಿ ಬೀಳುತ್ತದೋ ಇಲ್ಲವೋ ಪರೀಕ್ಷೆ ಮಾಡುತ್ತಿದ್ದ. ಬೀಗ ಬೀರುವಿನ ಮುಂದುಗಡೆ ಇತ್ತು.

"ಎಲ್ಲಲೇ ಇವ್ನು? ಕಾಯಿ ಒಡೆಯೋ ಹೊತ್ನಾಗೆ ಯಜಮಾನನೇ ನಾಪತ್ತೆ!" ಎಂದು ಅಪ್ಪ ಕೂಗಿದರು. ಅಪ್ಪ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸುಗಳು ಹೊರಡುತ್ತವೆ ಎಂದು ಗಫೂರ್ ಸಾಬರು ಹೇಳುತ್ತಿದ್ದುದುಂಟು. "ಒಳಗೆ ಸರಕು ಜೋಡಿಸ್ತಾ ಅದಾರೆ ಮಾವ," ಎಂದು ಸರ್ವಮಂಗಳ ನನ್ನ ಮಾನ ಕಾಪಾಡಿದಳು. ಮದುವೆಯಾದ ಹೊಸತರಲ್ಲೇ ಅವಳು ಕಲಿತ ಮೊದಲ ಸುಳ್ಳು ಅದು. ನಾನು ನೆಂಟರನ್ನು ಕಂಡು ಹಿತ್ತಲಿಗೆ ಹೋದಾಗಲೆಲ್ಲ ಅವಳು ಏನಾದರೊಂದನ್ನು ಜೋಡಿಸಲು ನನ್ನನ್ನು ಹಚ್ಚುತ್ತಿದ್ದಳು. ಒಂದು ಸಲ ಬಾಯಿತಪ್ಪಿ, "ಹಿತ್ತಲಾಗೆ ಕೋಳಿ ಜೋಡಿಸ್ತಾ ಅದಾರೆ," ಎಂದುಬಿಟ್ಟಿದ್ದಳು. ನಮ್ಮದು ಲಿಂಗ ಕಟ್ಟಿದವರ ಮನೆ. ಕೋಳಿ ಎಲ್ಲಿಂದ ಬರಬೇಕು?

ಸಂಕೋಚ ಎನ್ನುವುದು ಒಂದು ಕಾಯಿಲೆಯಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕಾಯಿಲೆಗೆ ಮರ್ಯಾದೆ ಇದೆ. ಸಕ್ಕರೆ ಕಾಯಿಲೆ ಇದ್ದವನಿಗೆ ಯಾರೂ, "ಸ್ವಲ್ಪ ಧೈರ್ಯ ಮಾಡಿ ಒಂದು ಲಾಡು ತಿನ್ನಲೇ," ಎನ್ನುವುದಿಲ್ಲ. ಸಂಕೋಚದವನಿಗೆ ಮಾತ್ರ ಹಾದಿಯಲ್ಲಿ ಹೋಗುವವರೆಲ್ಲ ವೈದ್ಯರು. "ಮಾತಾಡಲೇ, ಬಾಯಾಗೇನು ಅವಲಕ್ಕಿ ಇಟ್ಕಂಡೀಯೇನು?" ಅನ್ನುತ್ತಾರೆ. ತಳಕಿನ ಆಚೆ ನಮ್ಮ ಸೋದರತ್ತೆಯ ಹಳ್ಳಿಯ ಗೇಟಿನಲ್ಲಿ ಇಳಿಯಬೇಕೆಂದು ಮೊಳಕಾಲ್ಮೂರು ಬಸ್ಸು ಹತ್ತಿ, ಗೇಟು ಬಂದಾಗ "ಹೋಲ್ಡಾನ್" ಎನ್ನಲು ನಾಲಿಗೆ ಏಳದೆ, ಬೇರೆ ಯಾರಾದರೂ ಅಂದಾರು ಎಂದು ಕಾದು, ಯಾರೂ ಅನ್ನದೆ, ಬಿ.ಜಿ. ಕೆರೆಯಲ್ಲಿ ಇಳಿದವನು ನಾನು. ಅಲ್ಲಿಂದ ವಾಪಸ್ ಬಸ್ಸಿನಲ್ಲಿ ಬರುವಾಗಲೂ ಹಾಗೇ ಆಗಿ ಚಳ್ಳಕೆರೆಗೇ ಬಂದಿಳಿದೆ ಎಂದು ಸರ್ವಮಂಗಳ ಊರಿಗೆಲ್ಲ ಹೇಳುತ್ತಾಳೆ. ಅದು ಉತ್ಪ್ರೇಕ್ಷೆ. ಒಂದೇ ಒಂದು ಸಲ ಹಾಗಾಗಿತ್ತು.

ಇಂಥವನನ್ನು ಅಪ್ಪ ಮೊದಲು ಶೇಂಗಾ ಮಂಡಿಯಲ್ಲಿ ಕೂರಿಸಿ ನೋಡಿದರು. "ಬಾಯಿದ್ದೋನು ಬರದಾಗೂ ಬದುಕ್ತಾನೆ" ಎನ್ನುವುದು ಅವರ ಮನೆದೇವರಂಥ ಗಾದೆ. ಅವರಿಗೆ ಮಾತೇ ಬಂಡವಾಳ. ಒಂದು ಹಿಡಿ ಶೇಂಗಾ ಕೈಯಲ್ಲಿ ಹಿಡಿದು ಅವರು ವರ್ಣನೆ ಶುರುಮಾಡಿದರೆ, ಬೆಳೆದ ರೈತನೇ, "ಹೌದೇನ್ರಿ, ನಮ್ಮ ಕಾಯಿ ಇಷ್ಟು ಚೆನ್ನಾಗೈತಾ?" ಎಂದು ಬೆರಗಾಗುತ್ತಿದ್ದ. ನನ್ನನ್ನು ಹರಾಜಿಗೆ ನಿಲ್ಲಿಸಿದರೆ, ನನ್ನ ಬಾಯಿಂದ ದರ ಹೊರಡುವ ಹೊತ್ತಿಗೆ ಆ ರಾಶಿ ಚೀಲ ಸೇರಿ, ಲಾರಿ ಹತ್ತಿ, ಗಿರಣಿಗೆ ಹೋಗಿ, ಎಣ್ಣೆಯಾಗಿ, ಯಾರದೋ ಮನೆಯಲ್ಲಿ ಒಗ್ಗರಣೆಯೂ ಆಗಿರುತ್ತಿತ್ತು. ಕಡೆಗೆ ಅಪ್ಪ ಕೈಚೆಲ್ಲಿ, "ನಿನ್ನನ್ನ ಮಂಡಿಯಾಗೆ ಇಟ್ಕಳೋದಕ್ಕಿಂತ ಒಂದು ಬೆದರುಬೊಂಬೆ ಇಟ್ಕಂಡ್ರೆ ಗುಬ್ಬಿನಾದ್ರೂ ಓಡಿಸ್ತೈತೆ," ಎಂದರು.

ಆಗ ಮುಂದೆ ಬಂದವಳು ಸರ್ವಮಂಗಳ. ಅವಳು ಮೊಳಕಾಲ್ಮೂರಿನವಳು. ಅವಳ ತವರಿನ ಬೀದಿಯ ಎರಡೂ ಕಡೆ ಮಗ್ಗದ ಮನೆಗಳು. ಅವಳಿಗೆ ರೇಷ್ಮೆಯ ಬಣ್ಣ, ಬುಟ್ಟಾ, ಅಂಚು, ಸೆರಗು ಇವು ನಮಗೆ ಅನ್ನ, ಸಾರು, ಮಜ್ಜಿಗೆ ಇದ್ದಹಾಗೆ. "ನಮ್ಮೂರ ಸೀರೆ ಎಲ್ಲೆಲ್ಲಿಗೋ ಹೋಗ್ತಾವೆ. ಪಕ್ಕದ ಚಳ್ಳಕೆರೆಯಾಗೆ ಬರೀ ಮೊಳಕಾಲ್ಮೂರು ಸೀರೆದೇ ಒಂದು ಅಂಗಡಿ ಇಟ್ರೆ ಹೆಂಗೆ ಮಾವ?" ಎಂದು ಕೇಳಿದಳು. ಅಪ್ಪನಿಗೆ ನನ್ನನ್ನು ಮಂಡಿಯಿಂದ ಸಾಗಹಾಕಲು ಒಂದು ನೆಪ ಬೇಕಿತ್ತು, ಒಪ್ಪಿದರು. ಆದರೆ ಒಂದು ಷರತ್ತು. "ಸೀರೆ ಆರಿಸಿ ತರೋದು ನೀನು ಮಾಡವ್ವ, ಬ್ಯಾಡ ಅನ್ನಲ್ಲ. ಬಜಾರದಾಗೆ ರೊಕ್ಕದ ಗಲ್ಲದ ಮೇಲೆ ಮಾತ್ರ ಮನೆ ಸೊಸೆ ಕೂರಂಗಿಲ್ಲ. ಅಲ್ಲಿ ಇವ್ನೇ ಕೂರ್ಬೇಕು." ಹೀಗೆ ಮಾತು ಬಲ್ಲವಳು ಮನೆಯಲ್ಲೂ ಮಾತು ಬಾರದವನು ಅಂಗಡಿಯಲ್ಲೂ ಕೂರುವ ವ್ಯವಸ್ಥೆಯಾಯಿತು. ಬೋರ್ಡಿನ ಮೇಲೆ ಅಪ್ಪನ ಹೆಸರು ದೊಡ್ಡ ಅಕ್ಷರದಲ್ಲಿ, 'ಅಂಡ್ ಸನ್' ಸಣ್ಣ ಅಕ್ಷರದಲ್ಲಿ. ಪೇಂಟರ್ ನನ್ನನ್ನು ಒಂದು ಸಲ ನೋಡಿ ಅಳತೆ ತೆಗೆದುಕೊಂಡಿದ್ದ.

ಸೀರೆ ತರಲು ಮೊಳಕಾಲ್ಮೂರಿಗೆ ಹೋಗುವುದೆಂದರೆ ನನಗೆ ಸ್ವರ್ಗ. ಮಗ್ಗದ ಮನೆಯಲ್ಲಿ ಲಟಕ್ ಲಟಕ್ ಎಂಬ ಸದ್ದಿನ ನಡುವೆ ಯಾರೂ ಯಾರೊಡನೆಯೂ ಮಾತಾಡಬೇಕಾಗಿಲ್ಲ. ನೇಯುವವರು ತಲೆ ಎತ್ತಿ ಹುಬ್ಬು ಹಾರಿಸುತ್ತಾರೆ, ನಾವೂ ಹುಬ್ಬು ಹಾರಿಸಿದರೆ ಮುಗಿಯಿತು. ವ್ಯಾಪಾರದ ಕಷ್ಟ ಶುರುವಾಗುವುದು ಆ ಸೀರೆ ಚಳ್ಳಕೆರೆಗೆ ಬಂದ ಮೇಲೆ. ಗಿರಾಕಿ ಬಂದು, ಸೀರೆ ಮುಟ್ಟಿ, ಮೆಚ್ಚಿ, "ಎಷ್ಟ್ರೀ ಇದು?" ಎಂದು ಮುಖ ನೋಡಿದ ಕೂಡಲೇ ನನ್ನ ಗಂಟಲಿನಲ್ಲಿ ಯಾರೋ ಬಾಗಿಲು ಹಾಕಿಕೊಂಡಂತಾಗುತ್ತಿತ್ತು. ಹೇಗೋ ಬೆಲೆಯನ್ನು ತುಟಿಯ ತನಕ ತಂದು ಉಸಿರಿನಲ್ಲಿ ಹೇಳುತ್ತಿದ್ದೆ. "ಏನಂದ್ರಿ?" ಎನ್ನುತ್ತಿದ್ದರು. ಬೆಲೆ ಜಾಸ್ತಿಯಾಯಿತೆಂದು ಬೇಸರಪಟ್ಟುಕೊಂಡರೇನೋ ಎಂದು ನಾನು ಇಳಿಸುತ್ತಿದ್ದೆ. ಅದೂ ಕೇಳಿಸದೆ ಅವರು ಮತ್ತೆ "ಏನಂದ್ರಿ?" ಎಂದರೆ ಮತ್ತೆ ಇಳಿಸುತ್ತಿದ್ದೆ. ಕಿವಿ ಮಂದವಾದ ಮುದುಕಿಯೊಬ್ಬಳು ಒಂದು ಮಧ್ಯಾಹ್ನ ಬಂದು, ಏನೂ ಚೌಕಾಸಿ ಮಾಡದೆಯೇ, ನನ್ನಿಂದ ನೂಲಿನ ಬೆಲೆಗೆ ರೇಷ್ಮೆ ಸೀರೆ ಒಯ್ದಳು. ಪಾಪ, ಆಕೆಗೆ ಇವತ್ತಿಗೂ ಗೊತ್ತಿಲ್ಲ.

ಎದುರಂಗಡಿಯ ಗಫೂರ್ ಸಾಬರಿಗೆ ನನ್ನನ್ನು ನೋಡಿ ಕರುಳು ಚುರುಕ್ಕೆನ್ನುತ್ತಿತ್ತು. "ಕ್ಯಾ ಮಿಯಾ, ಧಂದಾ ಅಂದ್ರೆ ಗಲಾಟೆ ಆಗ್ಬೇಕು. ನಮ್ದು ನೋಡಿ, ನಾನು ಸುಮ್ನಿದ್ರೂ ಪಾತ್ರೆ ಗಲಾಟೆ ಮಾಡ್ತಾವೆ. ನಿಮ್ದು ಸೀರೆ ಏನ್ ಮಾಡ್ತದೆ? ಚುಪ್‌ಚಾಪ್ ಮಲಗ್ತದೆ. ನೀವೂ ಅದರ ಪಕ್ಕ ಚುಪ್‌ಚಾಪ್ ಕೂತ್ರೆ ಗಿರಾಕಿ ಏನು, ಗೋರಿ ಅಂತ ಫಾತೆಹಾ ಓದೋಕೆ ಬರ್ತಾರಾ?" ಎನ್ನುತ್ತಿದ್ದರು. ಗಿರಾಕಿ ದೇವರಿದ್ದಂತೆ ಎಂದು ಹೇಳುತ್ತಾರಲ್ಲ, ದೇವರ ಮುಂದೆ ಯಾರಾದರೂ ಬಾಯಿಮಾಡುತ್ತಾರೆಯೇ, ಕೈಮುಗಿದು ಸುಮ್ಮನೆ ನಿಲ್ಲುವುದಿಲ್ಲವೇ ಎಂದು ಅವರಿಗೆ ಒಳ್ಳೆಯ ಉತ್ತರ ಕೊಡಬಹುದಿತ್ತು. ಆ ಉತ್ತರ ನನಗೆ ಹೊಳೆದದ್ದು ಎರಡು ವರ್ಷದ ನಂತರ, ಸ್ನಾನ ಮಾಡುವಾಗ.

ಅಪ್ಪ ಆರು ತಿಂಗಳು ನೋಡಿದರು. ಆಮೇಲೆ ಒಂದು ಸಂಜೆ ಊಟಕ್ಕೆ ಕೂತಾಗ ತೀರ್ಪು ಕೊಟ್ಟರು. "ಯುಗಾದಿತನಕ ಸುಮ್ಕಿರ್ತೀನಿ. ಆಮ್ಯಾಕೆ ಸೀರೆಯೆಲ್ಲ ಮೂಟೆ ಕಟ್ಟಿ ಮೊಳಕಾಲ್ಮೂರಿಗೆ ವಾಪಸ್ ಹಾಕಿ, ಈ ಅಂಗಡಿಯಾಗೆ ಒಂದು ಎಸ್‌ಟಿಡಿ ಬೂತ್ ಮಾಡಿಸ್ತೀನಿ. ಮಾತಾಡೋರು ಮಾತಾಡ್ತಾರೆ, ನೀನು ಬಿಲ್ಲು ಹರಿದು ಕೊಡು. ನಿನಗೆ ಹೇಳಿ ಮಾಡಿಸಿದ ಉದ್ಯೋಗ." ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಗಾಜಿನ ಗೂಡಿನಲ್ಲಿ ಒಬ್ಬರು ಮಾತಾಡುತ್ತಿರುತ್ತಾರೆ, ನಾನು ಹೊರಗೆ ಕೂತಿರುತ್ತೇನೆ, ನಡುವೆ ಗಾಜು! ಆದರೆ ರೊಟ್ಟಿ ಬಡಿಯುತ್ತಿದ್ದ ಸರ್ವಮಂಗಳನ ಕೈ ನಿಂತುಹೋದದ್ದನ್ನು ನೋಡಿದೆ. ಆಮೇಲೆ ಪಾತ್ರೆ ತೊಳೆಯುವಾಗ ಅವಳು ಇಷ್ಟೇ ಕೇಳಿದಳು: "ಆ ನವಿಲುಗತ್ತಿನ ಬಣ್ಣ, ಆ ಕುಸುಮೆ ಬಣ್ಣ, ಒಂದೊಂದನ್ನೂ ನಿಂತು ಹೇಳಿ ನೇಯಿಸಿದ್ದೆ. ಎಲ್ಲಾನೂ ವಾಪಸ್ ಹಾಕಿಬಿಡ್ತೀರಾ?" ಅವಳು ತೊಳೆದಿಟ್ಟ ತಟ್ಟೆಗಳನ್ನು ಎತ್ತಿ ಜೋಡಿಸತೊಡಗಿದೆ. ಆ ಸಲ ಮಾತ್ರ ನಿಜವಾಗಿಯೂ ಜೋಡಿಸುತ್ತಿದ್ದೆ.

ಇಲ್ಲಿ ನನ್ನ ತಾತನ ವಿಷಯ ಸ್ವಲ್ಪ ಹೇಳಬೇಕು. ಅಪ್ಪನ ಅಪ್ಪ. ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದವರು. ನಾನು ನಾಲ್ಕು ಮಾತು ಕಲಿತದ್ದೇನಾದರೂ ಇದ್ದರೆ ಅವರ ಮಗ್ಗುಲಲ್ಲಿ ಮಲಗಿ ಕಲಿತದ್ದು. ನನಗೆ ಮಾತು ಬಾರದ ಬಗ್ಗೆ ಇಡೀ ಮನೆಯಲ್ಲಿ ಚಿಂತೆಯಿಲ್ಲದೆ ಇದ್ದವರು ಅವರೊಬ್ಬರೇ. ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನ ಕೈಮೇಲೆ ಟವೆಲ್ ಹಾಸಿ, ಅದರ ಕೆಳಗೆ ದಲಾಲಿ ತನ್ನ ಕೈ ತೂರಿಸುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಅದು ನೂರೋ ಸಾವಿರವೋ ಎನ್ನುವುದು ಎತ್ತಿನ ಮುಖ ನೋಡಿದರೇ ಗೊತ್ತಾಗುತ್ತದೆ. ಬೇಡವೆಂದರೆ ಬೆರಳು ಮಡಿಸಬೇಕು, ಸರಿಯೆಂದರೆ ಅಂಗೈ ಒತ್ತಬೇಕು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಏನೆಂದು ಆ ಇಬ್ಬರನ್ನು ಬಿಟ್ಟು ಮೂರನೆಯವನಿಗೆ ಗೊತ್ತಾಗುವುದಿಲ್ಲ. ತಾತ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಟವೆಲಿನ ಕೆಳಗೆ ಇದನ್ನೆಲ್ಲ ಕಲಿಸಿದ್ದರು. ಬಾಯಿಂದ ಒಂದು ಲೋಟ ನೀರು ಕೇಳಲಾರದ ನಾನು, ಬೆರಳಿನಿಂದ ಒಂದು ಜೊತೆ ಎತ್ತು ಮಾರಬಲ್ಲವನಾಗಿದ್ದೆ. ಆದರೆ ಸೀರೆ ಅಂಗಡಿಯಲ್ಲಿ ಎತ್ತು ಎಲ್ಲಿಂದ ಬರಬೇಕು?

ಯುಗಾದಿ ಎದುರಿಗೇ ಬಂದುಬಿಟ್ಟಿತ್ತು. ಮದುವೆಯ ಜವಳಿ ತೆಗೆಯುವ ಕಾಲ. ಜವಳಿ ತೆಗೆಯುವುದೆಂದರೆ ನಮ್ಮ ಕಡೆ ಬರೀ ಬಟ್ಟೆ ಕೊಳ್ಳುವುದಲ್ಲ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಇಬ್ಬರೂ ಒಂದೇ ಟೆಂಪೋದಲ್ಲಿ ಬಂದು, ಒಂದೇ ಜಮಖಾನದ ಮೇಲೆ ಕೂತು, ಧಾರೆ ಸೀರೆಯಿಂದ ಹಿಡಿದು ದೊಡ್ಡಪ್ಪನ ಪಂಚೆಯತನಕ ಒಟ್ಟಿಗೆ ಆರಿಸುವುದು. ಮದುವೆಗೆ ಮುಂಚೆ ಬೀಗರು ಒಬ್ಬರನ್ನೊಬ್ಬರು ಚೆನ್ನಾಗಿ ಅರಿತುಕೊಳ್ಳಲಿ ಎಂದು ಹಿರಿಯರು ಮಾಡಿದ ವ್ಯವಸ್ಥೆ. ಎಷ್ಟೋ ಸಲ ಅಗತ್ಯಕ್ಕಿಂತ ಜಾಸ್ತಿಯೇ ಅರಿತುಕೊಳ್ಳುತ್ತಾರೆ.

ಅಂಥ ಒಂದು ದಂಡು ಬಿ.ಜಿ. ಕೆರೆಯ ಕಡೆಯಿಂದ ಬಂದು ನನ್ನ ಅಂಗಡಿಗೆ ನುಗ್ಗಿತು. ಕುರಿ ಹಿಂಡಿನ ಮನೆತನದವರು. ಮುಂದೆ ಮದುಮಗನ ಅಜ್ಜಿ, ಬೋರಜ್ಜಿ. ಸೊಂಟದ ಎಲೆಅಡಿಕೆ ಚೀಲದಲ್ಲೇ ಇಡೀ ಮನೆಯ ಯಜಮಾನಿಕೆ ಇಟ್ಟುಕೊಂಡ ಗಟ್ಟಿ ಮುದುಕಿ. ಅವಳ ಹಿಂದೆ ಆ ಮನೆಗೆ ಮೊದಲೇ ಬಂದಿದ್ದ ಹಿರಿಯ ಮೊಮ್ಮಗನ ಹೆಂಡತಿ ಲಕ್ಷ್ಮಕ್ಕ. ಅವಳಿಗೆ ಎದುರಾಗಿ, ಮದುಮಗಳ ತಾಯಿ ತಿಪ್ಪಮ್ಮ. ಅವರ ಹಿಂದೆ ಎರಡೂ ಕಡೆಯ ಅಕ್ಕತಂಗಿಯರು. ಗಂಡಸರೆಲ್ಲ ಚಾ ಕುಡಿಯುವ ನೆಪದಲ್ಲಿ ಹೊರಗೇ ತಪ್ಪಿಸಿಕೊಂಡರು. ಮುಂದಿದ್ದ ಮೂವರ ಮುಖವೂ ಊದಿಕೊಂಡಿತ್ತು. ಆಮೇಲೆ ತಿಳಿಯಿತು, ಬಜಾರಿನ ದೊಡ್ಡ ದೊಡ್ಡ ಎರಡು ಅಂಗಡಿಗಳಲ್ಲಿ ಜಗಳವಾಡಿ ಎದ್ದು ಬಂದಿದ್ದರು. ನನ್ನಲ್ಲಿಗೆ ಬಂದದ್ದು ನನ್ನ ಸರಕಿನ ಮೇಲಿನ ಪ್ರೀತಿಯಿಂದಲ್ಲ. ಬೇರೆ ಅಂಗಡಿ ಉಳಿದಿರಲಿಲ್ಲ.

ಜಗಳದ ಮೂಲ ಧಾರೆ ಸೀರೆಯ ಬೆಲೆ. ಗಂಡಿನ ಮನೆಯವರು ಸೊಸೆಗೆ ಕೊಡುವ ಸೀರೆ ಅದು. ಹೊಸ ಸೊಸೆಯ ಸೀರೆ ತನ್ನ ಧಾರೆ ಸೀರೆಗಿಂತ ಜಾಸ್ತಿ ಬೆಲೆಯದಾಗಬಾರದು ಎಂದು ಲಕ್ಷ್ಮಕ್ಕ. ಹಿರಿ ಸೊಸೆಯದಕ್ಕಿಂತ ಕಡಿಮೆಯಾದರೆ ತನ್ನ ಮಗಳನ್ನು ಕೀಳು ಮಾಡಿದಂತೆ ಎಂದು ತಿಪ್ಪಮ್ಮ. ಸಮಸಮ ಮಾಡೋಣವೆಂದರೆ, "ಅವತ್ತಿನ ಕಾಲದ ರೊಕ್ಕಕ್ಕೂ ಇವತ್ತಿನ ಕಾಲದ ರೊಕ್ಕಕ್ಕೂ ಸಮ ಹೆಂಗಾಗ್ತೈತೆ?" ಎಂದು ಇಬ್ಬರೂ ಕೂಡಿಯೇ ಕೇಳಿದ್ದರು. ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಮಾತುಗಾರ ಅಂಗಡಿಯವರು ಉತ್ಸಾಹದಿಂದ ಬೆಲೆ ಕೂಗಿದ್ದರು, ಬೆಂಕಿ ಹತ್ತಿಕೊಂಡಿತ್ತು.

ನಾನು ಸೀರೆ ಹಾಸುತ್ತ ಹೋದೆ. ಸರ್ವಮಂಗಳ ನಿಂತು ನೇಯಿಸಿದ ಕುಸುಮೆ ಬಣ್ಣದ ಸೀರೆ ಬಿಚ್ಚಿದಾಗ ಮೂವರೂ ಒಟ್ಟಿಗೆ ಮುಂದಕ್ಕೆ ಬಗ್ಗಿದರು. ಬೋರಜ್ಜಿ ಸೆರಗನ್ನು ಕೆನ್ನೆಗೆ ಒತ್ತಿ ನೋಡಿದಳು. ಒಂದು ಗಳಿಗೆ ಅಂಗಡಿಯಲ್ಲಿ ನನಗೆ ಇಷ್ಟವಾದ ನಿಶ್ಶಬ್ದ. ಅಷ್ಟರಲ್ಲಿ ಲಕ್ಷ್ಮಕ್ಕ ಕತ್ತೆತ್ತಿ, "ಎಷ್ಟ್ರೀ ಇದು?" ಎಂದಳು. "ಹೇಳ್ರಿ, ಗಟ್ಟಿಯಾಗಿ ಹೇಳ್ರಿ, ಎಲ್ರೂ ಕೇಳಿಸ್ಕಳ್ಳಿ," ಎಂದಳು ತಿಪ್ಪಮ್ಮ. ಆರು ಕಣ್ಣು ನನ್ನ ಬಾಯಿಯ ಮೇಲೆ. ನನ್ನ ಗಂಟಲಿನ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಹಣೆಯಲ್ಲಿ ಬೆವರು. ಒರೆಸಿಕೊಳ್ಳಲು ಹೆಗಲ ಟವೆಲ್ ತೆಗೆದೆ. ಆಮೇಲೆ ಏನಾಯಿತೋ, ತಾತನೇ ಕೈ ಹಿಡಿದು ನಡೆಸಿದರೋ ಏನೋ, ಆ ಟವೆಲನ್ನು ನನ್ನ ಬಲಗೈ ಮೇಲೆ ಹಾಸಿ, ಎತ್ತು ಮಾರುವವನ ಹಾಗೆ ಕೈ ಮುಂದೆ ಚಾಚಿಬಿಟ್ಟೆ. ಚಾಚಿದ ಮೇಲೆ ಎಚ್ಚರವಾಯಿತು. ಎದುರಿಗೆ ಕೂತವರು ಹೆಂಗಸರು! ನಡುಬಜಾರಿನಲ್ಲಿ ಹೆಂಗಸರ ಮುಂದೆ ಕೈ ಚಾಚಿ ನಿಂತಿದ್ದೇನೆ. ಹಿಂದಕ್ಕೆ ಎಳೆದುಕೊಳ್ಳೋಣವೆಂದರೆ ಕೈ ಕಲ್ಲಾಗಿದೆ.

"ಇದೇನೇ ಈಯಪ್ಪ ಹಿಂಗೆ ಕೈ ಮಾಡ್ತಾನೆ!" ಎಂದು ತಿಪ್ಪಮ್ಮ ಹಿಂದೆ ಸರಿದಳು.

ಬೋರಜ್ಜಿ ಮಾತ್ರ ನನ್ನ ಟವೆಲನ್ನೂ ನನ್ನ ಮುಖವನ್ನೂ ನೋಡಿ ಬೊಚ್ಚುಬಾಯಿ ಅಗಲ ಮಾಡಿ ನಕ್ಕಳು. "ಏಂ ನಾಯನಾ, ನೋರು ಲೇದಾ ನೀಕು? ಬಾಯಿಲ್ದಿದ್ರೆ ಏನಾತು ಬಿಡು. ಏ, ಸುಮ್ಕಿರ್ರೇ, ಈಯಪ್ಪ ಸಂತೆ ಮನುಷ. ನಾನೂ ಇಷ್ಟು ವರ್ಷ ಕುರಿ ಮಾರಿದ್ದು ಹಿಂಗೇ ಅಲ್ಲೇನು!" ಎಂದವಳೇ ಟವೆಲಿನ ಕೆಳಗೆ ತನ್ನ ಕೈ ತೂರಿಸಿ ನನ್ನ ಬೆರಳು ಹಿಡಿದಳು.

ಆ ಹಿಡಿತ! ಜೀವಮಾನವೆಲ್ಲ ಟಗರಿನ ಕೊಂಬು ಹಿಡಿದ ಕೈ ಅದು. ಮೊದಲು ಅವಳು ಕೇಳಿದ ಬೆಲೆಗೆ ಆ ಸೀರೆಯ ಅಂಚೂ ಬರುತ್ತಿರಲಿಲ್ಲ. ನಾನು ಬೆರಳು ಮಡಿಸಿದೆ. ಅವಳು ಇನ್ನೊಂದು ಬೆರಳು ಕೂಡಿಸಿದಳು. ನಾನು ನನ್ನ ಲೆಕ್ಕ ಹೇಳಿದೆ. ಅವಳು ನನ್ನ ಅಂಗೈ ಚಿವುಟಿದಳು. ಸಂತೆಯ ಭಾಷೆಯಲ್ಲಿ ಅದಕ್ಕೆ ಅರ್ಥವಿದೆ, ಇಲ್ಲಿ ಬರೆಯುವಂಥದ್ದಲ್ಲ. ನಾನು ಬಿಡಲಿಲ್ಲ. ಗಂಟಲಿನಲ್ಲಿ ಸಾಯುತ್ತಿದ್ದ ಮಾತೆಲ್ಲ ಬೆರಳಿಗೆ ಇಳಿದು ಬಂತು. ನಾನು ವಾದ ಮಾಡಿದೆ, ಹಟ ಹಿಡಿದೆ, ಸ್ವಲ್ಪ ಸೋತೆ, ಮತ್ತೆ ಏರಿದೆ. ಅವಳು ಸಿಟ್ಟಾದವಳಂತೆ ಕೈ ಕಿತ್ತುಕೊಳ್ಳಲು ನೋಡಿದಾಗ ಗಬಕ್ಕನೆ ಹಿಡಿದು ನಿಲ್ಲಿಸಿದೆ. ಹೋಗುವ ಗಿರಾಕಿಯನ್ನು ನಾನು ಹಿಡಿದು ನಿಲ್ಲಿಸಿದ್ದು ಜನ್ಮದಲ್ಲಿ ಅದೇ ಮೊದಲು. ಹೊರಗಿನಿಂದ ನೋಡುವವರಿಗೆ ಕಾಣುತ್ತಿದ್ದದ್ದು ಒಂದು ಟವೆಲ್, ಅದರ ಆಚೆ ಈಚೆ ಇಬ್ಬರು ಮೂಕರು. ಕೊನೆಗೆ ಬೋರಜ್ಜಿ ಅಂಗೈ ಒತ್ತಿದಳು. ನಾನೂ ಒತ್ತಿದೆ. ಮುಗಿಯಿತು.

"ಎಷ್ಟಕ್ಕಾತಜ್ಜಿ?" ಲಕ್ಷ್ಮಕ್ಕ, ತಿಪ್ಪಮ್ಮ ಒಂದೇ ಉಸಿರಿಗೆ ಕೇಳಿದರು.

"ನಂಗೆ ಗೊತ್ತು, ಈಯಪ್ಪಂಗೆ ಗೊತ್ತು. ಮಿಕ್ಕಿದ್ದು ದ್ಯಾವ್ರಿಗೆ ಗೊತ್ತು," ಎಂದು ಬೋರಜ್ಜಿ ತುಟಿ ಬಿಗಿದು, ಎಲೆಗೆ ಸುಣ್ಣ ಹಚ್ಚತೊಡಗಿದಳು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಾಯಿ ಬಿಡುವವನೇ? ಆಮೇಲೆ ಇಬ್ಬರೂ ಅಜ್ಜಿಯ ಮುಖವನ್ನು ಓದಲು ಕೂತರು. "ಮುಖ ನೋಡು ಹೆಂಗೆ ಬಿಗಿದೈತೆ, ಬಾಳ ಕಿತ್ತೈತೆ ಮುದುಕಿ ಗಂಟಿನಿಂದ," ಎಂದು ತಿಪ್ಪಮ್ಮ ತನ್ನ ತಂಗಿಯ ಕಿವಿಯಲ್ಲಿ ಹೇಳಿ ಹಿಗ್ಗಿದಳು. "ಮುಖ ನೋಡು ಹೆಂಗೆ ಬಿಗಿದೈತೆ, ಬಾಳ ಕಡಿಮೆಗೆ ಹೊಡ್ದೈತೆ, ನಗು ತಡ್ಕಂಡೈತೆ," ಎಂದು ಲಕ್ಷ್ಮಕ್ಕ ಇನ್ಯಾರದೋ ಕಿವಿಯಲ್ಲಿ ಹೇಳಿ ಹಿಗ್ಗಿದಳು. ಒಂದೇ ಮುಖ, ಇಬ್ಬರಿಗೂ ಬೇಕಾದಷ್ಟು ಬೆಲೆ. ಮಧ್ಯಾಹ್ನದ ಹೊತ್ತಿಗೆ ಬೀಗಿತಿಯರಿಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು. ಆ ಮದುವೆಯ ಜವಳಿಯೆಲ್ಲ ನಮ್ಮಲ್ಲೇ ಆಯಿತು. ದೊಡ್ಡಪ್ಪನ ಪಂಚೆ ನಮ್ಮಲ್ಲಿರಲಿಲ್ಲ, ಅದನ್ನೂ ಪಕ್ಕದ ಅಂಗಡಿಯಿಂದ ನಾನೇ ತಂದುಕೊಟ್ಟೆ.

ಬೋರಜ್ಜಿ ಕುರಿ ಸಂತೆಗಳಿಗೆ ಹೋದಲ್ಲೆಲ್ಲ ಹೇಳಿದಳೆಂದು ಕಾಣುತ್ತದೆ. ಯುಗಾದಿ ಬರುವ ಹೊತ್ತಿಗೆ ಜಗಳದ ಭಯವಿದ್ದ ಬೀಗರೆಲ್ಲ, "ಟವೆಲ್ ಅಂಗಡಿ ಎಲ್ಲೈತ್ರಿ?" ಎಂದು ವಿಚಾರಿಸಿಕೊಂಡು ಬರತೊಡಗಿದರು. ಅಪ್ಪ ಎಸ್‌ಟಿಡಿ ಬೂತಿನ ಮಾತು ತೆಗೆಯಲಿಲ್ಲ. ಆದರೆ ಹೊಸ ತೊಂದರೆ ಶುರುವಾಯಿತು. ಬಂದವರಲ್ಲಿ ಎಲ್ಲರೂ ಬೋರಜ್ಜಿಯ ವಯಸ್ಸಿನವರಲ್ಲ. ಖರ್ಚಿನ ಯಜಮಾನಿಕೆ ಇದ್ದ ನಡುವಯಸ್ಸಿನ ಹೆಂಗಸರು ಟವೆಲ್ ನೋಡಿ ನಾಚುತ್ತಿದ್ದರು, ನಾನು ಅವರಿಗಿಂತ ಹೆಚ್ಚು ನಾಚುತ್ತಿದ್ದೆ. ಯಾರೋ ಪುಣ್ಯಾತ್ಮರು ಮಂಡಿಯಲ್ಲಿ ಅಪ್ಪನ ಕಿವಿಗೆ ಊದಿದರು. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದರು.

"ನಮ್ಮ ವಂಶದಾಗೆ ಬಜಾರದಾಗೆ ಕುಂತು ಕಂಡೋರ ಹೆಣ್ಮಕ್ಕಳ ಕೈ ಹಿಡಿದೋರು ಒಬ್ರೂ ಇರ್ಲಿಲ್ಲ ಕಣಲೇ! ಮಾತು ಬರಲ್ಲ ಅಂತ ಬಿಟ್ರೆ ಕೈಗೆ ಬಂದ್ಯಾ?"

"ಹೌದು ಮಾವ, ನೀವು ಹೇಳೋದು ಖರೆ," ಎಂದಳು ಸರ್ವಮಂಗಳ, ಬಹಳ ವಿನಯದಿಂದ. "ಮರ್ಯಾದಸ್ಥರ ಮನೆಗೆ ಇದು ಒಪ್ಪಲ್ಲ. ಹೆಣ್ಮಕ್ಕಳ ಕೈನ ಹೆಣ್ಮಕ್ಕಳೇ ಹಿಡೀಬೇಕು. ನಾಳೆಯಿಂದ ನಾನೇ ಕುಂತ್ಕಂತೀನಿ."

ಅಪ್ಪ ಬಾಯಿ ತೆರೆದರು. ಮುಚ್ಚಿದರು. ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಯಾರೂ ನೋಡದ ದೃಶ್ಯ ಅದು. ಮಗ ಪರಸ್ತ್ರೀಯರ ಕೈ ಹಿಡಿಯುವುದು ಮೇಲೋ, ಸೊಸೆ ಗಲ್ಲದ ಮೇಲೆ ಕೂರುವುದು ಮೇಲೋ ಎಂದು ಅವರು ತೂಗುತ್ತಿದ್ದಾಗ ಒಳಗಿನಿಂದ ಅವ್ವನ ದನಿ ಬಂತು: "ಕುಂತ್ಕಳ್ಳಿ ಬಿಡ್ರಿ. ನಾನೇನು ನಿಮ್ಮ ಮಂಡಿ ಲೆಕ್ಕ ಮನ್ಯಾಗೆ ಕುಂತು ನೋಡಿಲ್ವಾ? ಕೂರೋ ಬಾಗಿಲು ಮಾತ್ರ ಬ್ಯಾರೆ." ಅಪ್ಪ ಸ್ನಾನಕ್ಕೆ ಹೋದರು. ಅದು ಅವರ ಒಪ್ಪಿಗೆ.

ಸರ್ವಮಂಗಳನಿಗೆ ಬೆರಳಿನ ಭಾಷೆ ನಾನೇ ಕಲಿಸಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರು ಅಷ್ಟು ಹೊತ್ತು ಕೈಹಿಡಿದು ಕೂತದ್ದಿರಲಿಲ್ಲ. ಅವಳು ಬೇಗ ಕಲಿತಳು, ಬೇಗ ನನ್ನನ್ನು ಮೀರಿಸಿದಳು, ಆಮೇಲೆ ಅದನ್ನು ದುರುಪಯೋಗವೂ ಪಡಿಸಿಕೊಂಡಳು. ನೆಂಟರ ಮುಂದೆ ನಾನು ಎರಡನೇ ಹೋಳಿಗೆಗೆ ಕೈ ಚಾಚಿದರೆ ಸೆರಗಿನ ಮರೆಯಲ್ಲಿ ನನ್ನ ಬೆರಳು ಮಡಿಸುತ್ತಿದ್ದಳು. ಅಂಗಡಿಯಲ್ಲಿ ಅವಳು ಹೆಂಗಸರೊಡನೆ ಸೆರಗು, ಬುಟ್ಟಾ ಎಂದು ಲೋಕಾಭಿರಾಮ ಮಾತಾಡುತ್ತಾಳೆ. ಬೆಲೆಯ ಹೊತ್ತಿಗೆ ಟವೆಲ್ ಹಾಸಿ ಮೌನವಾಗುತ್ತಾಳೆ. ಗಂಡಸರ ಟವೆಲ್ ನನ್ನದು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಪಕ್ಕದ ಮಳಿಗೆಯೂ ನಮ್ಮದಾಯಿತು. ಬಜಾರಿನ ದೊಡ್ಡ ಅಂಗಡಿಯವರೂ ಟವೆಲ್ ಹಾಸಿ ನೋಡಿದರು. ನಡೆಯಲಿಲ್ಲ. ಅವರು ಬೆರಳಿನಲ್ಲಿ ಬೆಲೆ ಕುದುರಿಸಿ, ಸಂಜೆ ಚಾ ಅಂಗಡಿಯಲ್ಲಿ, "ಇಂಥೋರ ಸೊಸೆ ಧಾರೆ ಸೀರೆ ಇಷ್ಟಕ್ಕೆ ಹೋಯ್ತು ನೋಡ್ರಿ," ಎಂದು ಬಾಯಿಬಿಡುತ್ತಿದ್ದರು. ಮಾರನೆಯ ದಿನ ಬೀಗರ ಮನೆಯಲ್ಲಿ ಜಗಳ. ನನ್ನ ಹೊಟ್ಟೆಗೆ ಬಿದ್ದ ಬೆಲೆ ಹೊರಬಂದದ್ದೇ ಇಲ್ಲ. ಅದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ಬೆಲೆ ಹೇಳಬೇಕಾದಾಗಲೇ ಹೇಳಲಾಗದವನು, ಹೇಳಬಾರದಾಗ ಹೇಗೆ ಹೇಳಿಯಾನು?

ಈಗಲೂ ಕೆಲವರು ಕೇಳುತ್ತಾರೆ, ವ್ಯಾಪಾರದ ಗುಟ್ಟೇನು ಎಂದು. ನಾನು ನಗುತ್ತೇನೆ. ಏನೋ ದೊಡ್ಡ ಗುಟ್ಟಿದೆ ಎಂದು ಅವರು ತಿಳಿದುಕೊಂಡು ಹೋಗುತ್ತಾರೆ.

ಸೊಸೆ ಗಲ್ಲದ ಮೇಲೆ ಕೂತ ದಿನದಿಂದ ಅಪ್ಪ ಮಾತ್ರ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ. ಮಂಡಿಯಿಂದ ಬರುವಾಗ ಗಫೂರ್ ಸಾಬರ ಕಟ್ಟೆಯ ಮೇಲೆ ಕೂತು, ನಮ್ಮ ಕಡೆ ಬೆನ್ನು ಮಾಡಿ, ಯಾರು ಯಾರು ಒಳಗೆ ಹೋದರು ಎಂದು ಅವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಓದು ಮುಗಿಸಿದ್ದ ನನ್ನ ತಮ್ಮನಿಗೆ ಮಂಡಿ ವಹಿಸಿಕೊಟ್ಟ ವರ್ಷ, ಒಂದು ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ನೇರವಾಗಿ ಒಳಗೆ ಬಂದರು. ಅವ್ವನಿಗೆ ಒಂದು ಸೀರೆ ಬೇಕಂತೆ. ಅಪ್ಪ ತಾವೇ ಕೂತು, ತಾವೇ ಮಾತಾಡಿ, ತಾವೇ ಆರಿಸಿದರು. ಒಳ್ಳೆಯ ಸೀರೆ, ನವಿಲುಗತ್ತಿನ ಬಣ್ಣದ್ದು.

"ಎಷ್ಟಪ್ಪ ಇದು?" ಎಂದು ಅವ್ವ ಕೇಳಿದಳು. "ಬಾಳ ಇದ್ರೆ ನಂಗೆ ಬ್ಯಾಡವೇ ಬ್ಯಾಡ. ನೂಲಿಂದು ಸಾಕು."

ನಾನು ಸರ್ವಮಂಗಳನ ಕಡೆ ನೋಡಿದೆ. ಅವಳು ಮಾವನ ಮುಂದೆ ಟವೆಲ್ ಹಾಸುವಂತಿರಲಿಲ್ಲ. ಅಪ್ಪ ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ನನ್ನ ಕೈಮೇಲೆ ಹಾಕಿದರು. ಅವರೂ ತಾತನ ಮಗ ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ಅವರ ಬೆರಳುಗಳು ಚುರುಕಾಗಿದ್ದವು. ನಾನು ಎರಡು ಸಲ ಮಡಿಸಿದೆ, ಅವರು ಬಿಡಲಿಲ್ಲ. ಕೊನೆಗೆ ನಾನೇ ಅಂಗೈ ಒತ್ತಿದೆ. ನಷ್ಟದ ವ್ಯಾಪಾರ.

ವ್ಯಾಪಾರ ಮುಗಿದಿತ್ತು. ಆದರೂ ಅಪ್ಪ ಕೈ ಬಿಡಲಿಲ್ಲ. ನನ್ನ ಕಿರುಬೆರಳನ್ನು ಹಿಡಿದು ಮೆಲ್ಲಗೆ ಒತ್ತಿದರು. ನಾನು ಚಿಕ್ಕವನಿದ್ದಾಗ ಅವರ ಕೈ ಹಿಡಿದದ್ದಿರಬಹುದು, ಬುದ್ಧಿ ಬಂದ ಮೇಲೆ ಇಲ್ಲ. ಕಣ್ಣಲ್ಲಿ ನೀರು ಬಂದಂತಾಗಿ ಸೀರೆಯ ಅಂಚನ್ನು ನೋಡುತ್ತ ನಿಂತೆ. ಅಪ್ಪ ಮತ್ತೊಮ್ಮೆ ಒತ್ತಿದರು. ನಾನೂ ಅವರ ಅಂಗೈಯನ್ನು ಗಟ್ಟಿಯಾಗಿ ಒತ್ತಿದೆ.

ಅಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು, ಇಡೀ ಬಜಾರಿಗೆ ಕೇಳುವಂತೆ ಹೇಳಿದರು: "ಏನವ್ವ ಸರ್ವಮಂಗಳಾ, ಕುಪ್ಪಸದ ಕಣ ಪುಕ್ಕಟೆ ಅಂತ ನಿನ್ನ ಗಂಡ ಒಪ್ಕಂಡ. ಹಸಿರುದ್ದು ಕಟ್ಟು."

ಸರ್ವಮಂಗಳ ನನ್ನ ಮುಖ ನೋಡಿದಳು. ನಾನು ಇನ್ನೂ ಸೀರೆಯ ಅಂಚನ್ನೇ ನೋಡುತ್ತಿದ್ದೆ. ಅವಳು ಎರಡು ಕಣ ಕಟ್ಟಿಕೊಟ್ಟಳು.